ಒಂದು ಗೇಣು ಮೋಟಾದ ಪರದೆ

ಪರದೆ ಕುಗ್ಗಿದ್ದು ಒಂದು ಗೇಣು, ಅದರ ಮೇಲೆ ಎರಡು ಬೆರಳು. ಟೇಪು ಹಿಡಿಯಲಿಲ್ಲ, ಕೈಯಿಂದಲೇ ಅಳೆದೆ. ಮೂರು ಸಲ ಅಳೆದೆ, ಏಕೆಂದರೆ ಮೊದಲ ಎರಡು ಸಲ ಸಿಟ್ಟಿನಲ್ಲಿ ಅಳತೆ ತಪ್ಪಿತು. ಗೇಣು ಅಂದರೆ ಎಷ್ಟು ಮಹಾ ಎಂದು ಕೇಳುವವರು ಸವಣೂರಿನ ನಮ್ಮ ಮನೆಯ ಪಡಸಾಲೆ ಕಿಟಕಿಯನ್ನು ನೋಡಿದವರಲ್ಲ. ಹಳೆಯ ಕಾಲದ ಕಿಟಕಿ. ಅದರ ಕಟ್ಟೆ ಮೊಣಕಾಲಿನಷ್ಟೇ ಎತ್ತರ. ಹೊರಗೆ ಸಂತೆಗೆ ಹೋಗುವ ಓಣಿ, ಒಳಗೆ ಕಿಟಕಿಗೆ ಹತ್ತಿಕೊಂಡು ನಮ್ಮ ಅತ್ತೆಯವರ ಮಂಚ. ಪರದೆ ಒಂದು ಗೇಣು ಮೇಲೆ ಸರಿದರೆ ಓಣಿಯಲ್ಲಿ ಹೋಗುವವರಿಗೆ ಕಾಣುವುದು ಗೋಡೆಯಲ್ಲ, ಕಪಾಟಲ್ಲ, ಅವರ ಮುಖ.

ಅತ್ತೆಗೆ ಬಲಭಾಗಕ್ಕೆ ಲಕ್ವಾ ಹೊಡೆದು ಎರಡು ವರ್ಷವಾಗಿದೆ. ಮಾತು ತುಂಡು ತುಂಡಾಗಿ ಬರುತ್ತದೆ, ಬಾಯಿ ಒಂದು ಕಡೆ ಎಳೆದಿದೆ, ಎಡಗೈ ಮಾತ್ರ ಹೇಳಿದ ಮಾತು ಕೇಳುತ್ತದೆ. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ತಲೆಯ ಮೇಲೆ ಸೆರಗಿಲ್ಲದೆ ಹೊಸ್ತಿಲು ದಾಟಿದವರಲ್ಲ. ಅಂಚೆಯವನು ಬಂದರೂ ಬಾಗಿಲ ಮರೆಯಲ್ಲಿ ನಿಂತು ಕೈಯನ್ನಷ್ಟೇ ಚಾಚುತ್ತಿದ್ದರು. ಅಂಥವರನ್ನು ನಾವು ಓಣಿಯ ಮುಂದೆ ಮಲಗಿಸಿದ್ದೇವೆ, ಬೇರೆ ದಾರಿಯಿರಲಿಲ್ಲ. ಒಳಕೋಣೆಯಲ್ಲಿ ಗಾಳಿಯಿಲ್ಲ, ಬಚ್ಚಲು ಪಡಸಾಲೆಗೇ ಹತ್ತಿರ. ಹಾಗಾಗಿ ಆ ಪರದೆ ನಮ್ಮ ಮನೆಯಲ್ಲಿ ಚಂದಕ್ಕೆ ತೂಗಿದ್ದಲ್ಲ. ಅತ್ತೆಯ ಸೆರಗು ಮಾಡಬೇಕಾದ ಕೆಲಸವನ್ನು ಅದು ಮಾಡುತ್ತಿತ್ತು.

ಅರಿವೆ ಆರಿಸಿದ್ದು ನಾನೇ, ಹಾನಗಲ್ಲಿನಲ್ಲಿ. ಅಂಗಡಿಯವನು ತೋರಿಸಿದ ಮಿಂಚುವ ಅರಿವೆಗಳನ್ನೆಲ್ಲ ಬದಿಗೆ ಸರಿಸಿ, ಕೆಳಗಿನ ಖಾನೆಯಲ್ಲಿ ಧೂಳು ತಿನ್ನುತ್ತಿದ್ದ ದಪ್ಪ ಹತ್ತಿ ಅರಿವೆಯನ್ನು ಎಳೆದು, ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಬದನೆಕಾಯಿ ಬಣ್ಣ. ಎಳೆ ದಪ್ಪ, ನೇಯ್ಗೆ ಸ್ವಲ್ಪ ಸಡಿಲ. ಒಳಗೆ ಕುಳಿತವರಿಗೆ ಹೊರಗಿನದು ಜಾಳುಜಾಳಾಗಿ ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಏನೂ ಕಾಣುವುದಿಲ್ಲ. ಸುತ್ತಿಟ್ಟ ಅರಿವೆಯ ತಾನಿನ ಕೊನೆಯ ತುಂಡು ಅದು, ನಮ್ಮ ಕಿಟಕಿಗೆ ಕರಾರುವಾಕ್ಕಾಗಿ ಸಾಕಾಯಿತು. ಅರಿವೆ ಕೊಳ್ಳುವವರು ಬಣ್ಣಕ್ಕೆ ಮರುಳಾಗಬಾರದು, ಬೆಳಕಿಗೆ ಹಿಡಿದು ನೋಡಬೇಕು ಎಂದು ನಾನು ಇಂದಿಗೂ ಎಲ್ಲರಿಗೂ ಹೇಳುತ್ತೇನೆ.

ಆ ಪರದೆಯ ಹಿಂದೆ ಮಲಗಿ ಅತ್ತೆ ಇಡೀ ಓಣಿಯನ್ನು ಆಳುತ್ತಿದ್ದರು. ಯಾರ ಮಗ ಶಾಲೆ ತಪ್ಪಿಸಿದ, ಯಾರ ಮನೆಗೆ ಬೀಗರು ಬಂದರು, ಹೂವಿನವಳು ಯಾರ ಮನೆಯ ಮುಂದೆ ಎಷ್ಟು ಹೊತ್ತು ನಿಂತಳು, ಸಂಜೆ ನಾನು ಬರುವಷ್ಟರಲ್ಲಿ ತುಂಡು ಮಾತಿನಲ್ಲೇ ವರದಿ ಸಿದ್ಧವಿರುತ್ತಿತ್ತು. ನಡೆದಾಡುತ್ತಿದ್ದಾಗ ಅವರಿಗೆ ಇಷ್ಟು ಸುದ್ದಿ ಗೊತ್ತಿರಲಿಲ್ಲ.

ಹೊಲಿದು ಕೊಟ್ಟವರು ಪಕ್ಕದ ಮನೆಯ ಆಪಾ. ಓಣಿಯ ಎಲ್ಲರ ಜಂಪರೂ ಅವರ ಕೈಯಲ್ಲೇ ಆಗುವುದು. ಅರಿವೆ ಮುಟ್ಟಿದ ಕೂಡಲೇ, "ನೀರಿಗ ಹಾಕಿ ಒಣಗಿಸಿ ತಾ, ಆಮ್ಯಾಲ ಹೊಲೀತೇನಿ" ಎಂದಿದ್ದರು. ಆ ದಿನ ಅತ್ತೆಯನ್ನು ದವಾಖಾನೆಯಿಂದ ಕರೆತಂದಿದ್ದೆವು, ನೋಡಲು ಬಂದ ಮಂದಿ ಕಿಟಕಿಗೆ ಮುಖ ಹಚ್ಚಿ ನಿಂತಿದ್ದರು. "ಇವತ್ತಽ ಹೊಲದ ಕೊಡ್ರಿ ಆಪಾ, ಇದಕ್ಕ ನಾ ನೀರಽ ತೋರಸೂದಿಲ್ಲ" ಎಂದೆ. ಆ ಮಾತನ್ನು ಎರಡು ವರ್ಷ ನಡೆಸಿದೆ. ಮಾಳಿಗೆಯ ಮೇಲೆ ಕೊಡವಿ, ಬಿಸಿಲಿಗೆ ಹಾಕಿ, ಮತ್ತೆ ತೂಗುಹಾಕುವುದು, ಅಷ್ಟೇ.

ಈ ವರ್ಷ ಗಟಾರದ ಪೈಪಿಗೆಂದು ಓಣಿಯನ್ನು ಅಗೆದರು. ಮನೆಯೊಳಗೆಲ್ಲ ಮಣ್ಣು. ಪರದೆ ಮುಟ್ಟಿದರೆ ಧೂಳು ಹಾರಿ ಅತ್ತೆಗೆ ಕೆಮ್ಮು ಬರತೊಡಗಿತು. ಇನ್ನು ಕೊಡವಿದರೆ ಹೋಗುವ ಧೂಳಲ್ಲ ಎಂದು ಅದನ್ನು ಮಡಚಿ, ರೊಟ್ಟಿ ಹೊರೆಯ ಜೊತೆಗೆ ಶಿಗ್ಗಾಂವಿಗೆ ಒಯ್ದೆ. ಅಲ್ಲಿ ದೊಡ್ಡ ಮಶೀನಿನ ಹೊಸ ಲಾಂಡ್ರಿ ಬಂದಿತ್ತು, ನೀರು ಮುಟ್ಟಿಸದೆ ಡ್ರೈ ಮಾಡುತ್ತಾರೆ ಎಂದು ಕೇಳಿದ್ದೆ.

ರೊಟ್ಟಿ ಹೊರೆ ಅಂದೆನಲ್ಲ, ಅದು ನನ್ನ ಉದ್ಯೋಗ. ಯಲವಿಗಿ ಸ್ಟೇಷನ್ನಿನಲ್ಲಿ ಬುಟ್ಟಿಯಲ್ಲಿ ರೊಟ್ಟಿ, ಚಟ್ನಿ ಹೊತ್ತು ಮಾರಿದವಳು ನಾನು. ಇಂದು ನನ್ನ ಕೈಕೆಳಗೆ ಆರು ಮಂದಿ ಹೆಣ್ಣುಮಕ್ಕಳು ಖಡಕ್ ರೊಟ್ಟಿ ಬಡಿಯುತ್ತಾರೆ. ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು, ಎಲ್ಲ ಕಡೆಯ ಖಾನಾವಳಿಗಳಿಗೆ ನಮ್ಮದೇ ರೊಟ್ಟಿ. ಇದೆಲ್ಲ ಆದದ್ದು ಚೌಕಾಶಿಯಿಂದ. ಜೋಳದವನ ಹತ್ತಿರ, ಕಟ್ಟಿಗೆಯವನ ಹತ್ತಿರ, ಟೆಂಪೋದವನ ಹತ್ತಿರ ನಾನು ಕಾಯಂ ಆಡುವ ಮಾತು ಒಂದೇ: "ಅದೆಲ್ಲಾ ಬ್ಯಾಡ, ಸಾದಾ ರೇಟ್ ಹಚ್ಚರಿ." ನಿನ್ನ ಅಲಂಕಾರ ತೆಗೆ, ಒಳಗಿನ ಖರೇ ದರ ಹೇಳು ಎಂದು ಅದರ ಅರ್ಥ. ಈ ಸೀಮೆಯಲ್ಲಿ ವ್ಯಾಪಾರ ಬಲ್ಲ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಲಾಂಡ್ರಿಯವನು ಪರದೆಯನ್ನು ಗಲ್ಲೆಯ ಮೇಲೆ ಹರವಿ, ಡ್ರೈ ಮಾಡುವುದಕ್ಕೆ ಒಂದು ದರ ಹೇಳಿದ. ನಾನು ನಕ್ಕೆ. ಮೊದಲು ನಗಬೇಕು, ಆಮೇಲೆ ಮಾತು.

"ನಾ ಏನ್ ಮದಿವಿ ರೇಶ್ಮಿ ಸೀರಿ ತಂದೇನೇನ್ರಿ? ಕಿಟಕಿಗೆ ಹಾಕೂ ಅರಬಿ ಇದು. ಸಾದಾ ರೇಟ್ ಹಚ್ಚರಿ."

ಅವನು ಅರಿವೆಯನ್ನು ನೋಡಿದ, ನನ್ನನ್ನು ನೋಡಿದ. "ಸಾದಾ ಹಚ್ಚಲೇನ್ರಿ ಅಕ್ಕಾರ?"

"ಹಚ್ಚರಿ ಅಂದೆ. ಮುಂದನೂ ಬರೂ ಮಂದಿ ನಾವು."

ಚೀಟಿ ಬರೆದು ಕೊಟ್ಟ. ನಾನು ಅದನ್ನು ಓದದೆ ಮಡಚಿ ಸಂಚಿಯಲ್ಲಿ ಇಟ್ಟುಕೊಂಡೆ. ಬಸ್ಸಿನಲ್ಲಿ ಬರುವಾಗ, ಇಷ್ಟು ಲಗೂನೆ ಬಗ್ಗಿದ ವ್ಯಾಪಾರಿಯನ್ನು ಈಚೆಗೆ ನೋಡಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಲಗೂನೆ ಬಗ್ಗಿದವನ ಮೇಲೆ ಸಂಶಯ ಪಡಬೇಕು ಎಂದು ನಾನೇ ಹತ್ತು ಮಂದಿಗೆ ಹೇಳಿದ್ದೇನೆ. ಆ ದಿನ ನನಗೆ ನಾನೇ ಹೇಳಿಕೊಳ್ಳಲಿಲ್ಲ.

ನಾಲ್ಕನೆಯ ದಿನ ಪರದೆ ಮನೆಗೆ ಬಂತು. ಪ್ಲಾಸ್ಟಿಕ್ ಚೀಲ, ಗರಿಗರಿ ಇಸ್ತ್ರಿ, ಒಳ್ಳೆಯ ವಾಸನೆ. ಅತ್ತೆ ಎಡಗೈಯಿಂದ ಮುಟ್ಟಿ ನೋಡಿ ತಲೆಯಾಡಿಸಿದರು. ಸ್ಟೂಲಿನ ಮೇಲೆ ನಿಂತು ಕೋಲಿಗೆ ಏರಿಸಿ, ಎಳೆದು ಬಿಟ್ಟು, ಕೆಳಗೆ ಇಳಿದು ನೋಡುತ್ತೇನೆ, ಕಟ್ಟೆಗೂ ಪರದೆಗೂ ನಡುವೆ ಒಂದು ಗೇಣು ಬಯಲು. ಅದೇ ಹೊತ್ತಿಗೆ ಓಣಿಯಲ್ಲಿ ಹೊರಟಿದ್ದ ನಮ್ಮ ಸಂಬಂಧಿಕರೊಬ್ಬರು, ಒಳ್ಳೆಯ ಮನುಷ್ಯ, ಆ ಬಯಲಿನಲ್ಲಿ ಬಗ್ಗಿ, "ಏನವ್ವಾ, ಹೆಂಗದೀ ಈಗ? ಎರಡ ವರ್ಷ ಆತು ಮಾರಿ ನೋಡಿ" ಎಂದರು.

ಅತ್ತೆಯ ಎಡಗೈ ಸೆರಗನ್ನು ಹುಡುಕಿತು, ಸಿಕ್ಕಲಿಲ್ಲ, ದಿಂಬಿನ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಕೊನೆಗೆ ಆ ಕೈಯನ್ನೇ ಬಾಯಿಯ ಮೇಲೆ ಇಟ್ಟುಕೊಂಡು, ಎಳೆದ ತುಟಿಯನ್ನು ಮುಚ್ಚಿ, ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಮೈಯಿಂದ ಕಿಟಕಿಗೆ ಅಡ್ಡ ನಿಂತೆ. ಅವರು ಹೋದ ಮೇಲೂ ನಿಂತೇ ಇದ್ದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಶಿಗ್ಗಾಂವಿ. ಲಾಂಡ್ರಿಯ ಬಾಗಿಲು ತೆರೆಯುವ ಮೊದಲೇ ನಾನು ಮೆಟ್ಟಿಲ ಮೇಲಿದ್ದೆ. ಗಲ್ಲೆಯ ಮೇಲೆ ಪರದೆಯನ್ನು ಎಸೆದೆ.

"ನಾ ಕೊಟ್ಟದ್ದು ಪಡದೆ, ನೀವು ಕೊಟ್ಟದ್ದು ಹುಡಿಗ್ಯಾರು ಉಡೂ ಪರಕಾರ. ಏನ್ರಿ ಇದು?"

ಅವನು ಗಾಬರಿಯಾಗಲಿಲ್ಲ. ಅದೇ ನನ್ನನ್ನು ಮತ್ತಷ್ಟು ಉರಿಸಿತು. ಚೀಟಿ ಕೇಳಿದ. ಸಂಚಿಯಿಂದ ತೆಗೆದು ಕೊಟ್ಟೆ. ಬೆರಳಿಟ್ಟು ತೋರಿಸಿದ. "ಸಾದಾ" ಎಂದು ದುಂಡಗೆ ಬರೆದಿತ್ತು.

"ಸಾದಾ ಅಂದ್ರ ನೀರಾಗ ಹಾಕೂದು, ಬಿಸಿ ಮಶೀನಿನ್ಯಾಗ ಒಣಗಸೂದ್ರಿ ಅಕ್ಕಾರ. ಡ್ರೈ ಅಂದ್ರ ಬ್ಯಾರೆ."

"ನಾ ರೇಟ್ ಸಾದಾ ಅಂದೆ. ಕೆಲಸ ಸಾದಾ ಅಂದ್ನೇನ್ರಿ?"

"ರೇಟ್ ಒಂದರದು, ಕೆಲಸ ಒಂದರದು ಹೆಂಗ ಆಕ್ಕೇತ್ರಿ? ನಿಮ್ಮ ರೊಟ್ಟಿ ನಾನೂ ತಿಂತೇನಿ, ಇಲ್ಲೇ ಖಾನಾವಳ್ಯಾಗ. ಮಾಲಕ ರೇಟಿಗೆ ಗಂಟಬಿದ್ರ ನೀವು ತೆಳ್ಳಗ ಬಡಿಯೂದಿಲ್ಲೇನ್ರಿ?"

"ಬಡೀತೇನಿ. ತೆಳ್ಳಗ ಬಡೀತೇನಿ ನೋಡ್ರಿ ಅಂತ ಬಾಯಿಬಿಟ್ಟ ಹೇಳಿ ಬಡೀತೇನಿ."

"ನಾನೂ ಕೇಳಿದ್ನೆಲ್ರಿ, ಸಾದಾ ಹಚ್ಚಲೇನು ಅಂತ. ಹಚ್ಚರಿ ಅಂದ್ರಿ. ಮುಂದನೂ ಬರ್ತೇವಿ ಅಂದ್ರಿ. ಬಂದೀರಿ."

ಪ್ಯಾಂಟು ಇಸ್ತ್ರಿಗೆ ಕೊಟ್ಟು ಕಾಯುತ್ತಿದ್ದ ಒಬ್ಬ ಗಿರಾಕಿಗೆ ಇದು ಪುಕ್ಕಟೆ ತಮಾಷೆಯಾಗಿತ್ತು. "ಅರ್ಧಾ ರೇಟಿಗೆ ಅರ್ಧಾ ಪಡದೆ. ಬರೋಬರಿ ಐತಲ್ರಿ" ಎಂದ.

"ನಿಮ್ಮ ಪ್ಯಾಂಟೂ ಇಲ್ಲೇ ಕೊಟ್ಟೀರೇನ್ರಿ?" ಎಂದೆ. "ತಡೀರಿ ಹಂಗಾರ, ಚಡ್ಡಿ ಆಗಿ ಬರತೈತಿ."

ಅವನು ತನ್ನ ಪ್ಯಾಂಟು ಎಲ್ಲಿದೆ ಎಂದು ಒಳಗೆ ಇಣುಕಿದ. ಆದರೆ ನನ್ನ ಜಗಳ ಅವನ ಜೊತೆಯದಾಗಿರಲಿಲ್ಲ. ನಾನು ಕೊಟ್ಟ ಹಣವನ್ನು ಹಿಂದಿರುಗಿಸುತ್ತೇನೆ ಎಂದ ಲಾಂಡ್ರಿಯವನು. ಬೇಡ ಎಂದೆ. ನನಗೆ ಬೇಕಾದದ್ದು ಒಂದು ಗೇಣು ಅರಿವೆ. "ಅದನ್ನ ನಾ ಎಲ್ಲಿಂದ ತರ್ಲ್ರಿ, ಮಶೀನ ತಿಂದ ಬಿಟ್ಟೈತಿ" ಎಂದ. ಪಾಪ, ಹಾಸ್ಯ ಮಾಡಲು ಹೋದ. "ಆ ಪಡದೆ ಹಿಂದ ಒಬ್ಬ ಹೆಣಮಗಳ ಮಾನ ಇತ್ತು. ಅದನ್ನ ತಿಂದೈತಿ ನಿಮ್ಮ ಮಶೀನು" ಎಂದೆ. ಅವನ ಮುಖ ಆಗ ಸ್ವಲ್ಪ ಇಳಿಯಿತು. ಅತ್ತೆಯ ವಿಷಯ ಹೇಳಿದೆ. ಮೊದಲು ಹೇಳಿದ್ದರೆ ನಾನೇ ಡ್ರೈಗೆ ಹಾಕುತ್ತಿದ್ದೆನಲ್ಲ ಎಂದು ಗೊಣಗಿದ. ಹೆಂಡತಿಯನ್ನು ಕರೆದ. ಇಬ್ಬರೂ ಎರಡು ತುದಿ ಹಿಡಿದು, ಹಬೆ ಬಿಟ್ಟು, ಇಸ್ತ್ರಿ ಒತ್ತಿ ಜಗ್ಗಿದರು. ನಾನೂ ಕೈ ಹಾಕಿ ಜಗ್ಗಿದೆ. ಮೂರು ಬೆರಳು ಬಂತು. ಕೆಳಗಿನ ಅಂಚು ಹಾವಿನ ಹಾಗೆ ವಕ್ರವಾಯಿತು.

ಬಸ್ಸಿನಲ್ಲಿ ಕುಳಿತು ಅವನನ್ನು ಬೈಯುತ್ತ ಬಂದೆ. ಬಂಕಾಪುರ ದಾಟುವಷ್ಟರಲ್ಲಿ ಬೈಗುಳ ಮುಗಿದವು, ಸಿಟ್ಟು ಮುಗಿಯಲಿಲ್ಲ. ಉಳಿದ ಸಿಟ್ಟು ಯಾರ ಮೇಲಿನದು ಎಂದು ನನಗೆ ಗೊತ್ತಾಗತೊಡಗಿತು, ಅದಕ್ಕೇ ಮತ್ತೆ ಅವನನ್ನೇ ಬೈಯಲು ಶುರು ಮಾಡಿದೆ. ಅವನು ಕೇಳಿದ್ದ. ಎರಡು ಸಲ ನೋಡಿ ಕೇಳಿದ್ದ. ನನ್ನ ಬಾಯಲ್ಲಿ ಇಷ್ಟು ವರ್ಷ ನುಣುಪಾದ ಒಂದು ಮಾತು, ಅವನ ಅಂಗಡಿಯಲ್ಲಿ ಬೇರೆ ಕೆಲಸದ ಹೆಸರಾಗಿತ್ತು. ಈಗ ಯಾರೇ ಚೌಕಾಶಿಗೆ ಹೊರಟರೂ ನಾನು ಹೇಳುವುದಿಷ್ಟು: ದರ ಇಳಿಸಿದವನನ್ನು ಬಿಡಬೇಡಿರಿ, ದರದ ಜೊತೆ ಇನ್ನೇನು ಇಳಿಸಿದೆ ಎಂದು ಅಲ್ಲೇ ನಿಂತು ಕೇಳಿರಿ. ಚೀಟಿ ಓದಿರಿ. ಇದನ್ನು ಹೇಳುವಾಗ ನನ್ನ ದನಿ ಏರುತ್ತದೆ, ಕೇಳುವವರು ತಮ್ಮನ್ನೇ ಬೈಯುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಮನೆಗೆ ಬಂದಾಗ ಅತ್ತೆ, "ಏನ್... ಅಂದ?" ಎಂದರು.

"ಅವಂದಽ ತಪ್ಪಂತ್ರಿ. ಒಪ್ಪಿದ" ಎಂದೆ.

ಜಗ್ಗಿ ತಂದ ಮೂರು ಬೆರಳು ಮರುದಿನದ ಹೊತ್ತಿಗೆ ಹಿಂದಕ್ಕೆ ಹೋಯಿತು. ಲಾರಿ ಹೊಡೆಯುವ ನಮ್ಮ ಮನೆಯವರು ಫೋನಿನಲ್ಲಿ, ಹೊಸ ಪರದೆ ತಂದರಾಯಿತು, ಅದಕ್ಕೇಕೆ ಇಷ್ಟು ರಂಪ ಎಂದರು. ದಾರಿಯ ಮೇಲಿರುವ ಗಂಡಸರಿಗೆ ಎಲ್ಲವೂ ತಂದರಾಯಿತು. ಹಾನಗಲ್ಲಿನ ಆ ಅಂಗಡಿಗೆ ಹೋದೆ, ಆ ನಮೂನೆಯ ಅರಿವೆ ಬರುವುದೇ ನಿಂತು ವರ್ಷವಾಗಿತ್ತು. ರೊಟ್ಟಿ ಕೊಡಲು ಹಿರೇಕೆರೂರಿಗೆ ಹೋದಾಗ ಅಲ್ಲಿಯ ಮೂರು ಅಂಗಡಿ ಹತ್ತಿ ಇಳಿದೆ. ಒಂದೋ ಗೋಡೆಯ ಹಾಗೆ ದಪ್ಪನೆಯ ಮಿಂಚು ಅರಿವೆ, ಇಲ್ಲವೇ ಸೊಳ್ಳೆಪರದೆಯ ಹಾಗೆ ಎರಡೂ ಕಡೆ ಕಾಣುವಂಥದ್ದು. ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿದರೆ, "ಅಕ್ಕಾರ, ಅದೇನ್ ಎಕ್ಸರೇ ಏನ್ರಿ?" ಎಂದು ಒಬ್ಬ ಕೇಳಿದ. ಅವನಿಗೂ ಬೈದೆ.

ಅಲ್ಲಿಯ ತನಕ ಇರಲಿ ಎಂದು ಕಿಟಕಿಯ ಸರಳುಗಳ ಕೆಳಭಾಗಕ್ಕೆ ಹಳೆಯ ಪೇಪರು ಅಂಟಿಸಿದೆ, ಮೈದಾ ಹಿಟ್ಟಿನ ಗಂಜಿ ಕಾಯಿಸಿ. ಸಂಜೆ ಬಂದು ನೋಡಿದರೆ ಅತ್ತೆಯ ಉಗುರಲ್ಲಿ ಪೇಪರಿನ ಚೂರು. ಕೈಗೆ ಎಟುಕಿದ ಕಡೆ ಒಂದು ಬಿಲ್ಲೆಯಷ್ಟು ಹರಿದಿದ್ದರು. ನಾನು ಮತ್ತೆ ಅಂಟಿಸಿದೆ, ಅವರು ಮತ್ತೆ ಹರಿದರು. ಹಾಗೆ ಹರಿದ ಕಿಂಡಿಯಲ್ಲಿ ಓಣಿಯ ಹುಡುಗರು ಕಣ್ಣಿಟ್ಟು ನೋಡಿ ಓಡಿಹೋಗುತ್ತಿದ್ದರು. ಆಗ ಸೆರಗು ಮೂಗಿನ ತನಕ ಬರುತ್ತಿತ್ತು. ಸೆರಗು ಹಿಡಿದು ಹಿಡಿದು ಎಡಗೈಯೂ ಸೋತಿತು, ಊಟದ ತುತ್ತು ಎತ್ತುವಾಗ ನಡುಗತೊಡಗಿತು. ಒಂದು ದಿನ ಮಂಚ ಒಳಕೋಣೆಗೆ ಸರಿಸಲೇ ಎಂದು ಕೇಳಿದೆ. "ಸತ್ತಮ್ಯಾಲ" ಎಂದರು. ಆ ಮಾತು ಮಾತ್ರ ತುಂಡಾಗದೆ ಬಂತು.

ದಾರಿ ತೋರಿಸಿದವರು ಆಪಾ. ಯಾವುದೋ ಜಂಪರಿನ ಅಳತೆಗೆಂದು ಬಂದವರು ಬಾಗಿಲಲ್ಲೇ ನಿಂತು ನೋಡಿದರು.

"ಏನವ್ವಾ, ಅರಬಿ ಉದ್ದ ಮಾಡಾಕ ಮೂರ ತಾಲೂಕ ತಿರಗಿದಿ. ಕೋಲ ಒಂದ ಗೇಣ ಕೆಳಗ ಇಳಸಾಕ ಏನ್ ಧಾಡಿ ನಿನಗ?"

"ಮ್ಯಾಲ ಬಯಲ ಬೀಳತೈತೆಲ್ರಿ."

"ಬೀಳಲಿ. ಅಲ್ಲಿ ಹಣಿಕಿ ನೋಡಾವ್ರು ಯಾರು, ಕಾಗಿ?"

ಇಷ್ಟು ವ್ಯವಹಾರ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಕಳೆದದ್ದನ್ನು ಅವನ ಕೈಯಿಂದಲೇ ವಸೂಲಿ ಮಾಡಬೇಕು ಎಂಬ ಹಟದಲ್ಲಿ ಕಣ್ಣು ಮೇಲಕ್ಕೆ ಹೋಗಿರಲಿಲ್ಲ. ಸಿಟ್ಟು ಬಂದಾಗ ಬುದ್ಧಿ ಕೇಳಬೇಕಾದರೆ ಸಿಟ್ಟಿಲ್ಲದವರನ್ನು ಕೇಳಬೇಕು. ಆಪಾ ನೀರಿಗೆ ಹಾಕು ಎಂದದ್ದನ್ನು ಕೇಳಿದ್ದರೆ ಇದು ಒಂದೂ ಇರುತ್ತಿರಲಿಲ್ಲ, ಅವರು ಅದನ್ನು ನೆನಪಿಸಲಿಲ್ಲ. ನೆನಪಿಸಿದ್ದರೆ ಅವರಿಗೂ ಬೈಯುತ್ತಿದ್ದೆನೋ ಏನೋ.

ಚೌಕಟ್ಟು ಕಟ್ಟಿಗೆಯದು. ಇಬ್ಬರೂ ಸೇರಿ ಕೆಳಗೆ ಎರಡು ಕೊಕ್ಕೆ ಹೊಡೆದೆವು. ಎಲ್ಲಿ ಹೊಡೆಯಬೇಕು ಎಂದು ಅತ್ತೆ ಎಡಗೈಯಿಂದ ತೋರಿಸುತ್ತಿದ್ದರು, ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು. ಕಡೆಗೆ ಪರದೆ ಕಟ್ಟೆಯ ಮೇಲೆ ನಾಲ್ಕು ಬೆರಳು ಮಡಚಿ ಬಿದ್ದಾಗ ಕೈ ಇಳಿಸಿದರು. ಪೇಪರನ್ನೆಲ್ಲ ಕಿತ್ತು ಹಾಕಿದೆ. ಆಪಾ ಹೋದರು. ಅತ್ತೆ ನನ್ನ ಕಡೆ ನೋಡಿ, "ಹೊರಗ... ಹೋಗಿ... ನೋಡು" ಎಂದರು.

ಓಣಿಗೆ ಇಳಿದು ಹೋಗಿ ನನ್ನ ಮನೆಯ ಕಿಟಕಿಯ ಮುಂದೆ ನಾನೇ ನಿಂತೆ. ನೆಟ್ಟಗೆ ನಿಂತು ನೋಡಿದೆ, ಆ ಸಂಬಂಧಿಕರ ಹಾಗೆ ಬಗ್ಗಿ ನೋಡಿದೆ, ಹುಡುಗರ ಹಾಗೆ ಕಣ್ಣು ಹಚ್ಚಿ ನೋಡಿದೆ. ಬದನೆಕಾಯಿ ಬಣ್ಣ ಬಿಟ್ಟರೆ ಏನೂ ಇಲ್ಲ.

"ಕಾಣಸ್ತೇನಿ?" ಒಳಗಿನಿಂದ ಕೇಳಿದರು.

"ಇಲ್ರಿ ಅತ್ತೀ. ಒಂಚೂರೂ ಇಲ್ಲ."

ಮಂಚ ಕಿರುಗುಟ್ಟಿತು. ಆಮೇಲೆ, "ನೀನೂ... ಕಾಣವಲ್ಲಿ" ಎಂದರು.

ಆಗ ಕೈಯಿಂದ ಅರಿವೆ ಹಿಡಿದು ನೋಡಿದೆ. ಬಿಸಿ ಮಶೀನು ಉದ್ದವನ್ನಷ್ಟೇ ತಿಂದಿರಲಿಲ್ಲ. ಎಳೆಗೆ ಎಳೆ ಕೂಡಿ, ನಡುವಿನ ಜಾಳೆಲ್ಲ ಮುಚ್ಚಿ, ಅದು ಕಂಬಳಿಯಾಗಿತ್ತು. ಗೇಣು ಹಿಡಿದು ಜಗಳವಾಡಿದ ನಾನು ಇದನ್ನು ಅಳೆದೇ ಇರಲಿಲ್ಲ. ಅವರು ಇಷ್ಟು ದಿನ ಪೇಪರು ಹರಿದದ್ದೇಕೆ ಎಂದು ತಿಳಿಯಿತು. ಇದಕ್ಕೆ ಕೋಲು ಎಲ್ಲಿ ಇಳಿಸಿದರೂ ಉಪಯೋಗವಿರಲಿಲ್ಲ. ಮೈಯೆಲ್ಲ ಉರಿಯಿತು. ಬೈಯಲು ಲಾಂಡ್ರಿಯವನು ಎದುರಿಗೆ ಇರಲಿಲ್ಲ, ಮುಖ ನೋಡಿ ಅಂಜಲು ಅತ್ತೆಯೂ ಕಾಣುತ್ತಿರಲಿಲ್ಲ.

"ಅತ್ತೀ, ತಪ್ಪ ಅವಂದಲ್ರಿ" ಎಂದೆ ಪರದೆಗೆ. "ಸಾದಾ ಹಚ್ಚರಿ ಅಂದಾಕಿ ನಾನಽ. ಅವ ಕೇಳಿದ್ದ. ನಾ ರೊಕ್ಕ ಉಳಸಾಕ ಹೋದೆ."

ಒಳಗೆ ಬಳೆಯ ಸದ್ದಾಯಿತು. ನನ್ನ ಹಿಂದೆ ಒಂದು ಸೈಕಲ್ಲು ಬಂದು ನಿಂತಿತು, ಕಾಯಿಪಲ್ಲೆಯವನು.

"ಯಾರ... ಸೈಕಲ್ಲ?" ಎಂದರು ಅತ್ತೆ.

"ಕಾಯಿಪಲ್ಲೆದಾವ್ರಿ."

"ಏನ್... ತಂದಾನ?"

"ಬದನೀಕಾಯಿ ತಂದಾನ್ರಿ."

"ಹೆಂಗ... ಅದಾವ?"

"ಹುಳಕ" ಎಂದೆ ತಿರುಗದೆ.

"ಯಾಕ್ರಿ ಅಕ್ಕಾರ" ಎಂದ ಅವನು, "ನನ್ನ ಬದನೀಕಾಯಿ ನಿಮಗೇನ್ ಮಾಡ್ಯಾವ? ಬುಟ್ಟಿ ಮಾರಿ ಸೈತ ನೋಡಿಲ್ಲ ನೀವು."

"ತಿರಗಿ... ನೋಡಿ... ಹೇಳು" ಎಂದರು ಅತ್ತೆ ಒಳಗಿನಿಂದ.

ನಾನು ತಿರುಗಿದೆ. ಬುಟ್ಟಿಯ ಮೇಲಿನ ಒದ್ದೆ ಗೋಣಿ ಸರಿಸಿ, ಒಂದೊಂದನ್ನೇ ಎತ್ತಿ ತೊಟ್ಟು ನೋಡಿದೆ, ಬಗ್ಗಿ ತಳದವನ್ನೂ ನೋಡಿದೆ.

"ಸಣ್ಣ ಅದಾವ್ರಿ ಅತ್ತೀ" ಎಂದೆ ಕಿಟಕಿಯ ಕಡೆ. "ತೊಟ್ಟ ಹಸರ ಐತಿ. ಎಣಗಾಯಿಗೆ ಆಕ್ಕಾವ. ಎರಡ ಹುಳಕ ಅದಾವ, ಅವನ್ನ ತಗದ ಇಟ್ಟೇನಿ."